ತಪ್ಪು ಬರೆದರೆ ಅಮ್ಮ ಬರಲ್ವಾ?

ಅಪ್ಪಾ,

ನೀವಿದ್ದಿದ್ದರೆ ಇವತ್ತು ನಾನು ಮಾಡಿದ್ದಕ್ಕೆ ಕೆಂಡಾಮಂಡಲವಾಗುತ್ತಿದ್ದಿರಿ. ನೀವು ಹೋಗಿ ಮೂರು ವರ್ಷವಾದರೂ ನಿಮಗೆ ಒಪ್ಪಿಸದೆ ಮನಸ್ಸು ತಡೆಯುತ್ತಿಲ್ಲ.

ನನ್ನ ಶಿಶುತರಗತಿಯ ಪುಟ್ಟ ಹುಡುಗಿಯೊಬ್ಬಳು ಅಕ್ಷರದ ಪರೀಕ್ಷೆ ಎಂದ ಕೂಡಲೇ ಮೇಜಿನ ಕೆಳಗೆ ನುಸುಳಿದಳು. ಅವಳ ಅಮ್ಮ ಒಂದು ತಿಂಗಳಿಂದ ಆಸ್ಪತ್ರೆಯಲ್ಲಿದ್ದಾಳೆ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲೇ ನಿಂತು, "ಎಳೆದು ಕೂರಿಸ್ರೀ! ಈಗಲೇ ಹೀಗೆ ಬಿಟ್ರೆ ಮುಂದೆ ಓದ್ತಾಳಾ?" ಎಂದರು.

"ಈಗ ಎಳೆದ್ರೆ ಮುಂದೆ ಓದಲ್ಲ, ಮೇಡಂ," ಎಂದೆ. ನನ್ನ ದನಿ ನಡುಗಲಿಲ್ಲ, ಅಪ್ಪಾ. ಮೊಣಕಾಲೂರಿ ನಾನೂ ಮೇಜಿನ ಕೆಳಗೆ ತೂರಿದೆ.

ಬಹಳ ಹೊತ್ತಿನ ಮೇಲೆ ಅವಳು ಪಿಸುಗುಟ್ಟಿದಳು: "ತಪ್ಪು ಬರೆದ್ರೆ ಅಮ್ಮ ಬರಲ್ವಾ, ಟೀಚರ್?"

"ಯಾರೇ ಹಾಗಂದಿದ್ದು?"

"ಚೆನ್ನಾಗಿ ಓದಿದ್ರೆ ಅಮ್ಮ ಬೇಗ ಬರ್ತಾಳೆ ಅಂತ ಅಜ್ಜಿ ಅಂದ್ರು."

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಪುಟ್ಟಿ. ಎಷ್ಟು ಬೇಕಾದ್ರೂ ತಪ್ಪು ಬರಿ."

ಆಗ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ನನ್ನ ತೋಳಿಗೆ ಮುಖವೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು, ತಾನಾಗಿಯೇ ಸೀಮೆಸುಣ್ಣ ಕೇಳಿ, ನೆಲದ ಮೇಲೆ ಒಂದು 'ಅ' ಬರೆದಳು. ಅದು ತಿರುಗುಮುರುಗಾಗಿತ್ತು. ಇಬ್ಬರೂ ನಕ್ಕೆವು.

ಅವಳ ಹೆಸರಿನ ಮುಂದೆ ಅಂಕದ ಜಾಗ ಖಾಲಿ ಬಿಟ್ಟಿದ್ದೇನೆ. ಯಾರು ಎಷ್ಟೇ ಕೂಗಾಡಲಿ, ಆ ಮಗುವಿನ ಮನಸ್ಸು ನೆಟ್ಟಗಾಗುವವರೆಗೂ ತುಂಬುವುದಿಲ್ಲ.

ಅಮ್ಮ ತೀರಿಕೊಂಡ ವರ್ಷ ನೀವು ದಿನಾ ಸಂಜೆ ನನ್ನನ್ನು ಎದುರಿಗೆ ನಿಲ್ಲಿಸಿ ಇಪ್ಪತ್ತರವರೆಗೂ ಮಗ್ಗಿ ಬಾಯಿಪಾಠ ಮಾಡಿಸಿದಿರಿ. ಒಂದೂ ಮರೆತಿಲ್ಲ. ಆಗ ನಿಮಗೂ ಅಳು ಬರುತ್ತಿತ್ತೇ ಎಂದು ನಾನು ಒಮ್ಮೆಯೂ ಕೇಳಲಿಲ್ಲ.