ನಾನು ಕಲಿಸಿದ ಸಣ್ಣ ಪ್ರಶ್ನೆ

ಪ್ರೀತಿಯ ತಮ್ಮ,

‘ಪ್ರೀತಿಯ’ ಎಂದು ಬರೆದದ್ದು ಅಭ್ಯಾಸಬಲದಿಂದ. ಸದ್ಯಕ್ಕೆ ನಿನ್ನ ಮೇಲೆ ನನಗಿರುವುದು ಸಿಟ್ಟು. ಐದು ದಿನದಿಂದ ನಿನ್ನ ಫೋನು ಸ್ವಿಚ್ ಆಫ್. ನಿನ್ನೆ ಮನೆಗೇ ಬಂದೆ. ನಿನ್ನ ಹೆಂಡತಿ ನರ್ಸಿನ ಸಮವಸ್ತ್ರದಲ್ಲೇ ಬಾಗಿಲು ತೆಗೆದು, ‘ಅವರು ಗೋದಾಮಿಗೆ ಹೋದ್ರು ಅತ್ತಿಗೆ, ಮತ್ತೆ ಪಾರ್ಸೆಲ್ ಎತ್ತೋ ಕೆಲಸಕ್ಕೇ ಸೇರ್ಕೊಂಡ್ರು’ ಎಂದಳು. ಮೇಜಿನ ಮೇಲೆ ನನಗೆಂದು ನೀನು ಬಿಟ್ಟುಹೋದ ಚೀಟಿ: ‘ಆದದ್ದಾಯ್ತು ಅಕ್ಕ. ಗುರುವಾರದ ವಿಚಾರಣೆಗೆ ನಾನು ಹೋಗಲ್ಲ.’ ಒಂದೂವರೆ ಸಾಲು. ನನ್ನ ಹಠಮಾರಿ ತಮ್ಮ ಇಷ್ಟು ಬೇಗ ಕೈಚೆಲ್ಲುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಫೋನು ಎತ್ತದವನಿಗೆ ಕಾಗದವೇ ಗತಿ ಎಂದು ಇದನ್ನು ಬರೆದು ಅವಳ ಕೈಗೆ ಕೊಡುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಊಟ ಬಡಿಸಬೇಡ ಎಂದು ಹೇಳಿದ್ದೇನೆ.

ಗುರುವಾರ ನೀನು ಹೋಗದಿದ್ದರೆ ಏನಾಗುತ್ತದೆ ಎಂಬುದು ನಿನಗೆ ಗೊತ್ತು, ಆದರೂ ಹೇಳುತ್ತೇನೆ. ಈ ದೇಶದಲ್ಲಿ ಎಂಜಿನಿಯರ್ ಎಂದು ಸಹಿ ಹಾಕಲು ಬೇಕಾದ ಲೈಸೆನ್ಸು ಇನ್ನೆಂದೂ ನಿನ್ನ ಕೈಗೆ ಬರುವುದಿಲ್ಲ. ಸ್ಥಳೀಯ ಎಂಜಿನಿಯರನ ಕೈಕೆಳಗೆ ಒಂದು ವರ್ಷ ದುಡಿಯಬೇಕೆಂಬ ನಿಯಮದಲ್ಲಿ ಹನ್ನೊಂದು ತಿಂಗಳು ಮುಗಿಸಿದ್ದೀಯ. ಉಳಿದದ್ದು ಒಂದು ತಿಂಗಳು, ಒಂದು ಸಹಿ. ಊರಲ್ಲಿ ಹದಿಮೂರು ವರ್ಷ ನೀರಿನ ಟ್ಯಾಂಕು, ಸೇತುವೆ ಕಟ್ಟಿದ ಮನುಷ್ಯ ಇನ್ನು ಮೇಲೆ ರಟ್ಟಿನ ಪೆಟ್ಟಿಗೆ ಜೋಡಿಸುತ್ತಾ ಮುದುಕನಾಗಬೇಕು. ನೆನೆದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಿನ್ನ ಮೊದಲ ಸಂದರ್ಶನ ನೆನಪಿದೆಯೇ? ನನ್ನ ಕಚೇರಿಯೇ ಅದನ್ನು ಏರ್ಪಡಿಸಿತ್ತು. ಹೊರಗೆ ಓದಿ ಬಂದ ಎಂಜಿನಿಯರುಗಳಿಗೆ ಇಲ್ಲಿನ ರೀತಿನೀತಿ ಕಲಿಸಿ ಕೆಲಸಕ್ಕೆ ಹಚ್ಚುವುದೇ ನನ್ನ ಉದ್ಯೋಗ. ಒಡಹುಟ್ಟಿದ ತಮ್ಮನಿಗೇ ಆಗದಿದ್ದರೆ ನಾನೇಕೆ ಆ ಕುರ್ಚಿಯಲ್ಲಿ ಕೂತಿರಬೇಕು ಎಂದು ಎಲ್ಲರಿಗಿಂತ ಮುಂಚೆ ನಿನ್ನ ಹೆಸರು ಕಳಿಸಿದ್ದೆ. ಅಲ್ಲಿ ಒಬ್ಬ ಹಿರಿಯರು ನಕಾಶೆ ಬಿಡಿಸಿಟ್ಟು ವಿವರಿಸಿದರು. ನೀನು ಅವರದೇ ಭಾಷೆಯಲ್ಲಿ, ನಮ್ಮ ಕಾಲೇಜಿನ ಅಭ್ಯಾಸದಂತೆ, ಎದ್ದು ನಿಂತು ‘ಇದರಲ್ಲಿ ನನಗೊಂದು ಡೌಟ್ ಇದೆ’ ಎಂದೆ. ನಮಗೆ ಡೌಟ್ ಎಂದರೆ ಏನು? ಅರ್ಥವಾಗದ್ದನ್ನು ಕೇಳಿ ತಿಳಿದುಕೊಳ್ಳುವುದು. ಮೇಷ್ಟ್ರು ಪಾಠ ಮುಗಿಸಿ ‘ಯಾರಿಗಾದ್ರೂ ಡೌಟ್ ಇದ್ಯಾ?’ ಅಂದಾಗ ಮೊದಲು ಎದ್ದೇಳುತ್ತಿದ್ದವನೇ ನೀನು. ಇಲ್ಲಿಯವರಿಗೆ ಡೌಟ್ ಎಂದರೆ ಅಪನಂಬಿಕೆ. ಆ ನಕಾಶೆ ಬರೆದವರೇ ಆ ಹಿರಿಯರು. ಅವರ ಮುಖ ಗಂಟಿಕ್ಕಿತು, ಸಂದರ್ಶನ ಅಲ್ಲಿಗೇ ಮುಗಿಯಿತು. ನನಗೆ ಬಂದ ಪತ್ರದಲ್ಲಿ ‘ಈತ ಇತರರ ಕೆಲಸವನ್ನು ನಂಬುವ ಸ್ವಭಾವದವನಲ್ಲ’ ಎಂದಿತ್ತು.

ಆವತ್ತಿನಿಂದ ನಾನು ನಿನ್ನ ನಾಲಿಗೆ ತಿದ್ದಲು ಕೂತೆ. ನನ್ನ ಅಡುಗೆಮನೆಯಲ್ಲಿ, ನಾನು ತರಕಾರಿ ಹೆಚ್ಚುತ್ತಾ, ನೀನು ಗೋಡೆಗೊರಗಿ ನಿಂತು. ನೀನು ಬಾಯಿ ತಪ್ಪಿ ಡೌಟ್ ಎಂದಾಗಲೆಲ್ಲ ನಾನು ಸೌಟಿನಿಂದ ಮೇಜು ಕುಟ್ಟುತ್ತಿದ್ದೆ. ‘ಡೌಟ್ ಅಲ್ಲ ಕಣೋ, ಪ್ರಶ್ನೆ. ನನ್ನದೊಂದು ಪ್ರಶ್ನೆ ಅನ್ನು.’ ಅದೂ ಒರಟಾಗಿ ಕೇಳಿಸಿತು ನನ್ನ ಕಿವಿಗೆ. ‘ಸಣ್ಣ ಪ್ರಶ್ನೆ ಅನ್ನು. ನಗ್ತಾ ಹೇಳು. ಹುಬ್ಬು ಗಂಟು ಹಾಕ್ಬೇಡ.’ ನೀನು ಗೊಣಗಿದೆ, ‘ಸಣ್ಣದು ಅಂತ ಮೊದ್ಲೇ ಹೇಳ್ಬಿಟ್ರೆ ಯಾರು ಕಿವಿಗೆ ಹಾಕ್ಕೋತಾರೆ ಅಕ್ಕ?’ ನಾನು ಮಹಾ ಬುದ್ಧಿವಂತೆಯಂತೆ ನಕ್ಕುಬಿಟ್ಟೆ. ಮುಂದಿನ ತಂಡಕ್ಕೆಂದು ಅದನ್ನೇ ಹಾಳೆಯಲ್ಲಿ ಬರೆದು ಹಂಚಿದೆ. ‘ಬಿಡಬೇಕಾದ ಮಾತುಗಳು’ ಎಂದು ಮೇಲೆ, ಮೊದಲ ಸಾಲಿನಲ್ಲೇ ಡೌಟ್, ಅದರ ಎದುರಿಗೆ ‘ನನ್ನದೊಂದು ಸಣ್ಣ ಪ್ರಶ್ನೆ’. ನಿನಗೆ ಆ ತರಬೇತಿ ಎಂಜಿನಿಯರನ ಕೆಲಸ ಸಿಕ್ಕಾಗ ಆ ಹಾಳೆಯಿಂದಲೇ ಸಿಕ್ಕಿತು ಎಂದು ಕಚೇರಿಯೆಲ್ಲ ಹೇಳಿಕೊಂಡು ತಿರುಗಿದೆ. ನಿನಗಿಂತ ಹನ್ನೆರಡು ವರ್ಷ ಚಿಕ್ಕವನಾದ ಸೈಟ್ ಎಂಜಿನಿಯರನ ಕೈಕೆಳಗೆ ತರಬೇತಿಯವನಾಗಿ ನಿಂತೆಯಲ್ಲ, ಅದಕ್ಕೆ ನಿನ್ನ ಮನಸ್ಸು ಎಷ್ಟು ನೊಂದಿತೋ ನಾನು ಕೇಳಲಿಲ್ಲ.

ನೀನು ತರಬೇತಿಗಿದ್ದ ಆ ವಾಹನ ನಿಲುಗಡೆ ಕಟ್ಟಡದಲ್ಲಿ ಏನಾಯಿತು ಎಂದು ನಾನು ನಿನ್ನ ಬಾಯಿಂದ ಕೇಳಿಲ್ಲ. ನಮ್ಮ ಕಚೇರಿಗೆ ಬಂದ ವಿಚಾರಣೆಯ ಕಡತದಲ್ಲಿ ಓದಿದೆ. ಕಾಂಕ್ರೀಟ್ ಸುರಿಯುವ ದಿನ. ತಾರಸಿಯ ಭಾರ ಹೊರುವ ಸೆಂಟ್ರಿಂಗ್ ಕಂಬಗಳ ಒಂದು ಸಾಲು, ಹಿಂದಿನ ವಾರ ಪೈಪು ಹೂಳಿ ಮಣ್ಣು ಮುಚ್ಚಿದ್ದ ಕಡೆ ನಿಂತಿತ್ತು. ಅಲ್ಲಿನ ಮಣ್ಣಿನ ಬಣ್ಣ ಬೇರೆ. ಎರಡು ಕಂಬಗಳ ಬುಡದ ತಗಡು ಹೆಬ್ಬೆರಳಷ್ಟು ಕೆಳಗಿಳಿದಿತ್ತು. ನೀನು ಮೇಲೆ ಹೋಗಿ ಸೈಟ್ ಎಂಜಿನಿಯರನಿಗೆ, ನಗುತ್ತಾ, ‘ನನ್ನದೊಂದು ಸಣ್ಣ ಪ್ರಶ್ನೆ, ಆ ಮಣ್ಣು ಸಾಕಷ್ಟು ಗಟ್ಟಿ ಇದೆಯೇ?’ ಎಂದೆಯಂತೆ. ಅವನು ಬೆನ್ನು ತಟ್ಟಿ, ‘ಒಳ್ಳೇ ಪ್ರಶ್ನೆ, ಊಟ ಆದ್ಮೇಲೆ ಮಾತಾಡೋಣ’ ಎಂದನಂತೆ. ಊಟಕ್ಕೆ ಮುಂಚೆಯೇ ಆ ಕಂಬಗಳ ಮೇಲಿನ ತಾರಸಿಯ ಭಾಗ ಕುಸಿಯಿತು. ಕೆಳಗೆ ಸೆಂಟ್ರಿಂಗ್ ಹಲಗೆಯ ಕೆಲಸದಲ್ಲಿದ್ದ ಬಡಗಿಯ ಕಾಲು ಎರಡು ಕಡೆ ಮುರಿಯಿತು.

ಆ ಸೈಟ್ ಎಂಜಿನಿಯರನ ಹೇಳಿಕೆಯಲ್ಲಿ ಸುಳ್ಳಿಲ್ಲ ಎನ್ನುವುದೇ ನನ್ನನ್ನು ಉರಿಸುತ್ತಿದೆ. ‘ಕಲಿಯುವವರು ಕೇಳುವ ಹಾಗೆ ಕೇಳಿದರು, ಅಪಾಯವಿದೆ ಎಂದು ಹೇಳಲಿಲ್ಲ.’ ಅದನ್ನೇ ಹಿಡಿದುಕೊಂಡು ಕಂಪನಿ, ನೆಲ ಪರೀಕ್ಷಿಸುವುದು ತರಬೇತಿ ಎಂಜಿನಿಯರನ ಹೊಣೆ, ಆತ ಆಕ್ಷೇಪ ಎತ್ತಲಿಲ್ಲ ಎಂದು ಬರೆದು ಕೈ ತೊಳೆದುಕೊಂಡಿದೆ. ಊರಲ್ಲಿದ್ದಾಗ ನೀನು ಹೀಗಿದ್ದೆಯಾ? ನಾನು ರಜೆಗೆ ಬಂದಿದ್ದಾಗ, ಆ ದೊಡ್ಡ ಟ್ಯಾಂಕಿನ ಕೆಲಸದ ಜಾಗಕ್ಕೆ ನಿನಗೆ ಊಟ ತಂದು ಕಣ್ಣಾರೆ ಕಂಡಿದ್ದೇನೆ. ಗುತ್ತಿಗೆದಾರ ಕೂಗಾಡುತ್ತಿದ್ದ, ನಲವತ್ತು ಜನ ಬಾಂಡಲಿ ಹಿಡಿದು ನಿಂತಿದ್ದರು. ನೀನು, ‘ನಂಗೆ ಡೌಟ್ ಇದೆ ಅಂದ್ರೆ ಇದೆ. ಮಿಕ್ಸರ್ ನಿಲ್ಸಿ’ ಎಂದೆ. ನಿಂತಿತು. ಆ ಮಾತನ್ನು ನಿನ್ನ ಬಾಯಿಂದ ಕಿತ್ತು ಹಾಕಿದವಳು ನಾನು. ಆದರೆ ತಮ್ಮ, ಮಾತು ಕಿತ್ತುಕೊಂಡೆ, ಗಂಟಲು ಕಿತ್ತುಕೊಂಡಿರಲಿಲ್ಲವಲ್ಲ! ಅಡ್ಡ ನಿಂತು ಕಿರುಚಬಹುದಿತ್ತು ನೀನು. ಆ ಒಂದು ಸಹಿಯ ಭಯ ನಿನ್ನ ಬಾಯಿಗೆ ಬೀಗ ಹಾಕಿತೇ? ಇದನ್ನು ಕೇಳುವ ಹಕ್ಕು ನನಗೆಷ್ಟಿದೆಯೋ ಗೊತ್ತಿಲ್ಲ, ಆದರೂ ಕೇಳುತ್ತೇನೆ.

ಇಷ್ಟಾದರೂ ನೀನು ಒಂದು ಸಲವೂ ನನ್ನತ್ತ ಬೆರಳು ತೋರಿಸಿಲ್ಲ. ಯಾಕೆ ಎನ್ನುವುದು ನಿನ್ನೆ ತಿಳಿಯಿತು. ನಿನ್ನ ಹೆಂಡತಿ ಬೂಟಿನ ದಾರ ಕಟ್ಟಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದಳು: ‘ವಿಚಾರಣೆಗೆ ಹೋದ್ರೆ ಹಾಗೆ ಕೇಳೋಕೆ ಯಾರು ಕಲಿಸಿದ್ರು ಅಂತ ಬರುತ್ತಂತೆ. ಅಕ್ಕನ ಹಾಳೆ ಹೊರಗೆ ಬರುತ್ತೆ, ಅವಳ ಕೆಲಸ ಹೋಗುತ್ತೆ ಅಂತಾರೆ.’ ಅಯ್ಯೋ ಮಂಕೇ, ನನ್ನನ್ನು ಕಾಪಾಡು ಎಂದು ನಾನು ಯಾವಾಗ ಕೇಳಿದೆ? ಚಿಕ್ಕವನಿದ್ದಾಗ ನಾನು ಒಡೆದ ಕನ್ನಡಿಗೆ ಅಪ್ಪನ ಹತ್ತಿರ ನೀನು ಪೆಟ್ಟು ತಿಂದೆ, ಅದೇ ಸಾಕಾಗಿತ್ತು.

ಇವತ್ತು ಬೆಳಿಗ್ಗೆ ಆ ಹಾಳೆಯನ್ನು, ನನ್ನ ಕೈಬರಹದ ಮೂಲ ಪ್ರತಿ ಸಮೇತ, ವಿಚಾರಣೆಯವರಿಗೆ ಕೊಟ್ಟು ಬಂದೆ. ನಮ್ಮ ಮೇಲಧಿಕಾರಿ, ‘ಇದನ್ನ ಕೊಟ್ರೆ ಕೋರ್ಸನ್ನೇ ಮುಚ್ಚಿಸ್ತಾರೆ ಮೇಡಂ, ಮುನ್ನೂರು ಜನಕ್ಕೆ ದಾರಿಯಾಗಿದೆ, ಯೋಚ್ನೆ ಮಾಡಿ’ ಎಂದರು. ಅವರ ಮಾತಲ್ಲೂ ಹುರುಳಿದೆ, ಅದಕ್ಕೇ ನನಗೆ ಇನ್ನಷ್ಟು ರೇಗಿತು. ಹೊರಗಿನಿಂದ ಬಂದವರಿಗೆ ಹೀಗೆ ಮಾತಾಡಿ ಎಂದು ಹೇಳಿಕೊಡಲು ನನಗೆ ಸಂಬಳವಿದೆ. ಅವರ ಮಾತನ್ನು ಹೀಗೆ ಕೇಳಿಸಿಕೊಳ್ಳಿ ಎಂದು ಇಲ್ಲಿಯವರಿಗೆ ಹೇಳಿಕೊಡಲು ಒಬ್ಬರನ್ನೂ ನೇಮಿಸಿಲ್ಲ. ಹನ್ನೆರಡು ವರ್ಷದಿಂದ ಇದು ನನ್ನ ತಲೆಗೂ ಹೊಳೆದಿರಲಿಲ್ಲ.

ಅಲ್ಲಿಂದ ಹಾಗೇ ಆಸ್ಪತ್ರೆಗೆ ಹೋಗಿ ಆ ಬಡಗಿಯನ್ನು ನೋಡಿ ಬಂದೆ. ಕಾಲನ್ನು ಎತ್ತರಕ್ಕೆ ಕಟ್ಟಿದ್ದಾರೆ. ಅವನೂ ನಮ್ಮಂತೆ ಹೊರಗಿನಿಂದ ಬಂದವನೇ. ನಿನ್ನ ಅಕ್ಕ ಎಂದ ತಕ್ಷಣ ನನ್ನ ಕೈ ಹಿಡಿದುಕೊಂಡ. ‘ನಿಮ್ಮ ತಮ್ಮ ಓಡಿ ಬಂದು ಎಳೀದೇ ಇದ್ದಿದ್ರೆ ಕಾಲಲ್ಲ, ನಾನೇ ಇರ್ತಿರ್ಲಿಲ್ಲ’ ಎಂದ. ಆಮೇಲೆ ಸಿಟ್ಟೇನೂ ಇಲ್ಲದೆ ಕೇಳಿದ. ‘ಆದ್ರೆ ಅವರಿಗೆ ಗೊತ್ತಿತ್ತಲ್ವಾ? ಬೆಳಿಗ್ಗೆಯಿಂದ ಮೂರು ಸಲ ಬಂದು ಆ ಮಣ್ಣನ್ನ ಕಾಲಲ್ಲಿ ಒತ್ತಿ ನೋಡಿದ್ರು. ಆಚೆ ಹೋಗು ಅಂತ ನನಗೊಂದು ಮಾತು ಯಾಕೆ ಹೇಳ್ಲಿಲ್ಲ?’

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನನ್ನು ಗಾಲಿಕುರ್ಚಿಯಲ್ಲಿ ಕರೆತರುತ್ತಾರೆ. ಲೈಸೆನ್ಸು ಬೇಡವೆಂದರೆ ಬಿಡು, ಅದಕ್ಕಾಗಿ ಇನ್ನು ನಿನ್ನ ಕಾಲು ಹಿಡಿಯುವುದಿಲ್ಲ. ಅವನು ಅಲ್ಲಿ ಆ ಮಾತನ್ನು ಮತ್ತೆ ಕೇಳುತ್ತಾನೆ. ನನ್ನ ಪಾಲಿನ ಉತ್ತರವನ್ನು ಅವನ ಮುಖ ನೋಡಿ ನಾನು ಹೇಳುತ್ತೇನೆ. ನಿನ್ನ ಪಾಲಿನದನ್ನು ನಾನು ಹೇಳಲಾರೆ ತಮ್ಮ. ಅದನ್ನು ನೀನೇ ಬಂದು ಹೇಳಬೇಕು.

ನನ್ನ ಮೇಲೆ ಕೋಪವಿದ್ದರೆ ದಾರಿಯುದ್ದಕ್ಕೂ ಜಗಳ ಆಡು, ಕೇಳಿಸಿಕೊಳ್ಳುತ್ತೇನೆ. ದೇವರು ನಿನಗೆ ಗಟ್ಟಿ ಗಂಟಲು ಕೊಡಲಿ. ಒಂಬತ್ತಕ್ಕೆ ನಿಮ್ಮ ಮೆಟ್ಟಿಲ ಕೆಳಗೆ ಕಾಯುತ್ತಿರುತ್ತೇನೆ.

ನಿನ್ನ ಮೇಲೆ ಸಿಟ್ಟಾಗಿರುವ,
ಅಕ್ಕ