ಎರಡು ಸಲ ತಿರುಗಿಸಿದ ಗವಸು

ಮಾನ್ಯ ಸದಸ್ಯರೇ,

ಮೊದಲು ಖರ್ಚು ಬರೆದುಬಿಡುತ್ತೇನೆ. ನಮ್ಮ ಕಸುಬಿನವರಿಗೆ ಕುಶಲಪ್ರಶ್ನೆಗಿಂತ ಮುಂಚೆ ಬಾಯಿಗೆ ಬರುವುದು ಅದೇ. ನಿಮ್ಮ ಚುನಾವಣೆಯಿಂದ ನಮ್ಮ ಮನೆಗೆ ತಗುಲಿದ್ದು ಇಷ್ಟು: ಕಾಲು ಮುರಿದ ಕುರ್ಚಿಗಳು ಒಂದು ಗಾಡಿ. ಅವುಗಳಿಗೆ ತೊಡಿಸುವ ಗವಸುಗಳು, ಹರಿದವು, ಎರಡು ಗಂಟು. ಒಂದೇ ಒಲೆ ಇದ್ದ ಅಡುಗೆಮನೆಗೆ ಇನ್ನೊಂದು ಒಲೆ. ಇಪ್ಪತ್ತು ವರ್ಷ ಎಡೆಬಿಡದೆ ಮಾತಾಡಿದ ಒಬ್ಬ ಮನುಷ್ಯನ ಬಾಯಿಗೆ ಬೀಗ. ಇದರಲ್ಲಿ ಕುರ್ಚಿಯ ಮಾತು ಬಿಡಿ. ಯಾವ ಪಕ್ಷದ ಸಭೆಯಾದರೂ ಒಂದಿಷ್ಟು ಮುರಿಯುತ್ತವೆ, ಆ ಒಂದು ವಿಷಯದಲ್ಲಿ ನಿಮ್ಮೆಲ್ಲರ ನಡುವೆ ಸಂಪೂರ್ಣ ಸೈದ್ಧಾಂತಿಕ ಒಮ್ಮತವಿದೆ. ಗವಸನ್ನು ಅಕ್ಕ ಹೊಲಿದುಕೊಳ್ಳುತ್ತಾಳೆ. ಉಳಿದ ಎರಡರ ಬಗ್ಗೆ ಈ ಪತ್ರ.

ನನ್ನ ದೂರನ್ನು ಸುತ್ತಿ ಬಳಸದೆ ಹೇಳುತ್ತೇನೆ. ನಮ್ಮ ವೇದಿಕೆಯ ಮೇಲೆ ನಿಂತು, ನಮ್ಮದೇ ಮೈಕು ಹಿಡಿದು, ನನ್ನ ಭಾವನನ್ನು ನೀವು ದ್ರೋಹಿ ಎಂದು ಕರೆದಿರಿ. ಗೆದ್ದು ಮೂರು ವಾರ ಕಳೆಯುವುದರೊಳಗೆ ನೀವೇ ಆಚೆಯ ಪಕ್ಷಕ್ಕೆ ಹಾರಿದಿರಿ. ಹಾರಿದ್ದು ನಿಮ್ಮ ಇಷ್ಟ, ರೆಕ್ಕೆ ನಿಮ್ಮದು. ಆದರೆ ಹೋಗುವಾಗ ಆ ಪದವನ್ನು ನಮ್ಮ ಮನೆಬಾಗಿಲಲ್ಲೇ ಬಿಟ್ಟು ಹೋಗಿದ್ದೀರಿ. ಬಂದು ತೆಗೆದುಕೊಂಡು ಹೋಗಿ ಎಂದು ಮೊದಲು ಖಾಸಗಿಯಾಗಿಯೇ ಬರೆದಿದ್ದೆ. ನಿಮ್ಮ ಕಚೇರಿಯಿಂದ ಉತ್ತರವಾಗಿ ಬಂದದ್ದು, ಹೊಸ ಪಕ್ಷದ ಬಣ್ಣದಲ್ಲಿ ಅಚ್ಚಾದ, ಕೈಮುಗಿದ ನಿಮ್ಮ ಚಿತ್ರವಿರುವ ಒಂದು ಶುಭಾಶಯ ಪತ್ರ. ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾವು ಯಾರೆಂದು ನಿಮಗೆ ಗೊತ್ತಿರಲಾರದು. ಕೂತವರು ಕುರ್ಚಿಯ ಮುಖ ನೋಡುವುದಿಲ್ಲ. ನಾವು ಸಭೆ ಸಮಾರಂಭಗಳಿಗೆ ಕುರ್ಚಿ, ವೇದಿಕೆ, ಮೈಕು ಬಾಡಿಗೆಗೆ ಕೊಡುವವರು. ನಾನು ಈ ಕಸುಬಿಗೆ ಬಂದದ್ದು ತಲೆಯ ಮೇಲೆ ಕುರ್ಚಿ ಹೊತ್ತುಕೊಂಡು. ತಲೆಯೊಳಗೆ ಏನಾದರೂ ಹೊತ್ತುಕೊಳ್ಳಲು ಶಾಲೆ ಸಮಯ ಕೊಡಲಿಲ್ಲ. ಭಾವ, ಅಂದರೆ ಅಕ್ಕನ ಗಂಡ, ವೈರು ಎಳೆಯುವ ಕೆಲಸ ಕಲಿತವರು. ಕುರ್ಚಿ ನನ್ನದು, ಧ್ವನಿ ಅವರದು, ಲಾಭ ಅರ್ಧರ್ಧ. ಗೋದಾಮಿನ ಹಿಂದೆಯೇ ಮನೆ. ಅಕ್ಕ ಭಾವನ ಸಂಸಾರ, ಒಂಟಿ ನಾನು, ಒಂದು ಅಡುಗೆಮನೆ, ಒಂದು ಉದ್ದನೆಯ ಮೇಜು.

ಹಿಂದೊಂದು ಚುನಾವಣೆಯಲ್ಲಿ ಹಳದಿ ಪಕ್ಷದ ಸಭೆ ಇವತ್ತು, ನೇರಳೆ ಪಕ್ಷದ ಸಭೆ ನಾಳೆ ಎಂದಾಯಿತು. ಎರಡೂ ಕಡೆಯವರಿಗೆ ಕುರ್ಚಿಗೆ ತಮ್ಮ ಬಣ್ಣದ ಗವಸೇ ಬೇಕು. ಎರಡು ಜೊತೆ ಹೊಲಿಸುವುದು ದಂಡ ಎಂದು ನಾನು ಗೊಣಗುತ್ತಿದ್ದಾಗ ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದಳು: "ಒಳಗೊಂದು ಬಣ್ಣ, ಹೊರಗೊಂದು ಬಣ್ಣ ಇಟ್ಟು ಹೊಲಿದ್ರಾಯ್ತು. ಇಬ್ರಿಗೂ ಇರೋ ವ್ಯತ್ಯಾಸಕ್ಕೆ ಒಂದು ಹೊಲಿಗೆ ಸಾಕು." ಅಂದಿನಿಂದ ಅದೇ ನಮ್ಮ ಪದ್ಧತಿ. ಸಭೆ ಮುಗಿದ ಮೇಲೆ ಗವಸು ಕಳಚಿ, ಮುಂದಿನ ಸಭೆಯ ಬಣ್ಣ ಹೊರಗೆ ಬರುವ ಹಾಗೆ ತಿರುಗಿಸಿ, ಮಡಚಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟುವುದು. ಗಂಟು ಮೈದಾನಕ್ಕೆ ಹೋದರೆ ಬಿಚ್ಚಿ ತೊಡಿಸಿದರಾಯಿತು. ರಾಜಕೀಯ ಶಾಸ್ತ್ರದ ಪಾಠ ನಾನು ಕಲಿತದ್ದು ಅಷ್ಟರಲ್ಲೇ.

ಹಾಗೆಂದು ನಮ್ಮ ಮನೆಯಲ್ಲಿ ಸಿದ್ಧಾಂತಕ್ಕೆ ಬರವಿತ್ತು ಎಂದುಕೊಳ್ಳಬೇಡಿ. ಭಾವ ಹಳದಿ, ನಾನು ನೇರಳೆ. ಇದ್ದದ್ದನ್ನು ಎಲ್ಲರಿಗೂ ಹಂಚಬೇಕು ಎನ್ನುವವರು ಅವರು; ಅವರವರ ಕಾಲ ಮೇಲೆ ಅವರವರು ನಿಲ್ಲಬೇಕು ಎನ್ನುವವನು ನಾನು. ಊಟಕ್ಕೆ ಕೂತರೆ ಸಾಕು, ಶುರು.

"ಸ್ವಂತ ಕಾಲ ಮೇಲೆ ನಿಂತೆ, ನಿಂತೆ ಅಂತ ಎದೆ ತಟ್ಕೊತೀಯಲ್ಲೋ, ನಿಂತ್ಕೊಳ್ಳೋಕೆ ರಸ್ತೆ ಹಾಕಿದ್ದು ಯಾರು? ನಿನ್ನ ಗಾಡಿ ಗಾಳೀಲಿ ಹೋಗ್ತಿತ್ತಾ?"

"ರಸ್ತೆ ಹಾಕಿದವರೇ ಗುಂಡೀನೂ ಬಿಟ್ರಲ್ಲ ಭಾವ. ಮುಚ್ಚಿದ್ದು ಯಾರು? ನಾನೇ, ನನ್ನ ಕೈಯಾರೆ, ನನ್ನ ಗಾಡಿ ಹೂತುಕೊಂಡಾಗ."

"ಅಲ್ಲಿಗೆ ಒಪ್ಕೊಂಡೆ ತಾನೆ! ನೀನು ಮುಚ್ಚಿದ ಗುಂಡಿ ಮೇಲೆ ಊರೆಲ್ಲ ಓಡಾಡ್ತು. ಅದನ್ನೇ ನಾನು ಹಂಚೋದು ಅನ್ನೋದು."

ಮಾತಿಗೆ ಮಾತು ಸಿಗದಾಗ ನಾನು ನೀರು ಕುಡಿಯುತ್ತಿದ್ದೆ. ಅವರಿಗೆ ಸಿಗದಾಗ ಅವರು ಮೈಕು ಪರೀಕ್ಷಿಸುವವರ ಹಾಗೆ ಕೆಮ್ಮುತ್ತಿದ್ದರು. "ನೀವಿಬ್ರೂ ಸೇರಿ ಸರ್ಕಾರ ಮಾಡಿ, ನಾನು ತಟ್ಟೆ ತೊಳಿತೀನಿ" ಎಂದು ಅಕ್ಕ ಎದ್ದುಹೋಗುತ್ತಿದ್ದಳು. ಒಂದು ದಿನವೂ ನಾನವರನ್ನು ಒಪ್ಪಿಸಲಿಲ್ಲ, ಅವರು ನನ್ನನ್ನು ಒಪ್ಪಿಸಲಿಲ್ಲ. ಒಂದು ದಿನವೂ ಊಟ ಬಿಟ್ಟು ಎದ್ದದ್ದಿಲ್ಲ. ಸಿದ್ಧಾಂತ ಎಂದರೆ ಇದು ಎಂದು ನಾನು ತಿಳಿದಿದ್ದೆ, ಮಾನ್ಯರೇ. ತಪ್ಪಿದ್ದರೆ ತಿದ್ದಿ. ನೀವು ಎರಡನ್ನೂ ನುಂಗಿ ಅರಗಿಸಿಕೊಂಡವರು.

ಈ ಸಲದ ಚುನಾವಣೆಗೆ ಹಳದಿ ಪಕ್ಷದ ಹುರಿಯಾಳಾಗಿ ನೀವು ಬಂದಿರಿ. ನಿಮ್ಮ ಮೊದಲ ಸಭೆಯಲ್ಲಿ ಹೇಳಿದ್ದು ನೆನಪಿದೆಯೇ? ನೆನಪಿರಲಾರದು, ನೆನಪಿದ್ದರೆ ನಿಮ್ಮ ಕಸುಬು ನಡೆಯುವುದಿಲ್ಲ. "ಸಿದ್ಧಾಂತ ಹೆತ್ತ ತಾಯಿ ಇದ್ದ ಹಾಗೆ. ನೇರಳೆಯವರ ಜೊತೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುವವನು ನಮ್ಮವನಲ್ಲ" ಎಂದಿರಿ. ವೇದಿಕೆಯ ಪಕ್ಕದಲ್ಲಿ ಕೂತು ಧ್ವನಿ ಏರಿಸಿ ಇಳಿಸುತ್ತಿದ್ದವರು ನನ್ನ ಭಾವ. ಸಾವಿರ ಭಾಷಣ ಕೇಳಿದ ಕಿವಿ ಅದು. ಗರಗರ ಶಬ್ದ ಬರುತ್ತಿದೆಯೇ, ಕೊನೆಯ ಸಾಲಿಗೆ ಕೇಳುತ್ತಿದೆಯೇ ಎಂದಷ್ಟೇ ನೋಡುವ ಕಿವಿ. ಅದೇನು ಗ್ರಹಚಾರವೋ, ಅವತ್ತು ಮಾತನ್ನೂ ಕೇಳಿಸಿಕೊಂಡಿತು.

ಅಂದು ಅವರು ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋದರು. ಹುಷಾರಿಲ್ಲವೇನೋ ಎಂದುಕೊಂಡೆ. ಮರುದಿನವೂ ಹೋದರು. ನಾನು ಸುಮ್ಮನಿರಬಹುದಿತ್ತು. "ಏನು ಭಾವ, ತಾಯಿ ಕರೆದಳಾ?" ಎಂದು ಕೆಣಕಿದೆ. ಅವರು ನಗಲಿಲ್ಲ. "ನೀನು ಎಲ್ಲಾನೂ ಬಾಡಿಗೆ ಲೆಕ್ಕದಲ್ಲೇ ನೋಡ್ತೀಯ. ನಂಬಿಕೆ ಅನ್ನೋದು ಬಾಡಿಗೆಗೆ ಸಿಗಲ್ಲ" ಎಂದರು. ಆ ವಾರವೇ ಎರಡನೆಯ ಒಲೆ ಬಂತು. ನಡುವೆ ನಿಂತ ಅಕ್ಕ ಎರಡು ಕಡೆಯೂ ಅಡುಗೆ ಮಾಡಿದಳು, ಎರಡು ಕಡೆಯೂ ಉಪ್ಪು ಹಾಕಲು ಮರೆತಳು. ಕೆಲಸದ ಮಾತೂ ನಿಂತಿತು. ಏನಾದರೂ ಹೇಳುವುದಿದ್ದರೆ ನಾನೂ ಆಳುಗಳಿಗೆ ಹೇಳುತ್ತಿದ್ದೆ, ಅವರೂ ಆಳುಗಳಿಗೆ ಹೇಳುತ್ತಿದ್ದರು.

ಅನಾಹುತ ಆದದ್ದು ಅಲ್ಲೇ. ಪ್ರಚಾರದ ಕೊನೆಯ ದಿನ ನಿಮ್ಮ ಸಭೆ. ಹಿಂದಿನ ದಿನ ನೇರಳೆಯವರದು ಆಗಿತ್ತು. ನೇರಳೆ ಬಟ್ಟೆ ಮುಟ್ಟುವುದಿಲ್ಲ ಎಂದು ಭಾವ ಶಪಥ ಮಾಡಿದ್ದಾರೆ, ಅವರು ಇದಕ್ಕೆ ಕೈ ಹಾಕುವುದಿಲ್ಲ ಎಂದುಕೊಂಡು ಬೆಳಿಗ್ಗೆ ನಾನೇ ಆಳುಗಳಿಗೆ "ಎಲ್ಲಾ ತಿರುಗಿಸಿ ಕಟ್ಟಿ" ಎಂದೆ. ಹಳದಿ ಹೊರಗೆ ಬಂತು, ಬಿಳಿ ಬಟ್ಟೆಯಲ್ಲಿ ಗಂಟಾಯಿತು. ಮಧ್ಯಾಹ್ನ ಭಾವ ಬಂದರು. ನೇರಳೆಯವನಾದ ನಾನು ನಿಮ್ಮ ಸಭೆಗಾಗಿ ಬೆರಳು ಅಲ್ಲಾಡಿಸುವುದಿಲ್ಲ ಎಂದು ಅವರ ಲೆಕ್ಕ. ಗಂಟು ಬಿಚ್ಚಿ ನೋಡದೆ "ಎಲ್ಲಾ ತಿರುಗಿಸಿ ಕಟ್ಟಿ" ಎಂದರು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲು ನಿಮ್ಮ ತಾಯಿ ಬಿಡಲಿಲ್ಲ.

ಆಮೇಲೆ ಆಳುಗಳನ್ನು ಗದರಿದೆ. ಅವರಲ್ಲಿ ಹಿರಿಯನೊಬ್ಬ ಹೇಳಿದ ಉತ್ತರವನ್ನು ನಿಮ್ಮ ಸದನದ ಗೋಡೆಯ ಮೇಲೆ ಬರೆಸಬೇಕು: "ಬೆಳಿಗ್ಗೆ ಒಬ್ರು ತಿರುಗಿಸಿ ಅಂದ್ರಿ, ತಿರುಗಿಸಿದ್ವಿ. ಮಧ್ಯಾಹ್ನ ಒಬ್ರು ತಿರುಗಿಸಿ ಅಂದ್ರಿ, ತಿರುಗಿಸಿದ್ವಿ. ಯಾವ ಬಣ್ಣ ಬೇಕು ಅಂತ ನಮ್ಮನ್ನ ಯಾರು ಕೇಳಿದ್ರಿ?"

ಮೈದಾನದಲ್ಲಿ ಭಾವ ವೇದಿಕೆಯ ಕೆಳಗೆ ತೂರಿಕೊಂಡು ವೈರು ಜೋಡಿಸುತ್ತಿದ್ದರು. ಹೊರಗೆ ಬಂದು ತಲೆ ಎತ್ತುವಷ್ಟರಲ್ಲಿ ಇಡೀ ಮೈದಾನ ನೇರಳೆ. ಗೇಟಿನಲ್ಲಿ ನಿಮ್ಮ ಮೆರವಣಿಗೆ, ಅದರ ಹಿಂದೆ ಕೊನೆಯ ಗಾಡಿಯ ಜೊತೆ ಆಗಷ್ಟೇ ಬಂದ ನಾನು. ನಿಮ್ಮ ಹುಡುಗರು ಕುರ್ಚಿ ಎತ್ತಿ ಎಸೆಯತೊಡಗಿದರು. ಭಾವ ಅವರ ನಡುವೆ ನಿಂತು ಕೈಮುಗಿದು, "ತಪ್ಪಾಗಿದೆ, ತಿರುಗಿಸ್ತೀನಿ, ಹತ್ತು ನಿಮಿಷ ಕೊಡಿ" ಎನ್ನುತ್ತಿದ್ದರು. ಆಗ ನೀವು ವೇದಿಕೆ ಹತ್ತಿ ಮೈಕು ಹಿಡಿದಿರಿ. ಸಮಾಧಾನ ಹೇಳುತ್ತೀರಿ ಎಂದುಕೊಂಡೆ. ನಾನು ಹಳೆಯ ವ್ಯಾಪಾರಿ, ಆದರೂ ನೋಡಿ, ಆ ಒಂದು ಗಳಿಗೆ ನಾನೂ ನಿಮ್ಮನ್ನು ನಂಬಿದ್ದೆ. ನೀವು ಬೆರಳು ತೋರಿಸಿ, "ದ್ರೋಹಿಗಳು ಹೊರಗಿಲ್ಲ, ನಮ್ಮೊಳಗೇ ಇದ್ದಾರೆ. ಇಗೋ, ಇವನನ್ನು ನೋಡಿಕೊಳ್ಳಿ" ಎಂದಿರಿ. ಕೊನೆಯ ಸಾಲಿಗೂ ಸ್ಪಷ್ಟವಾಗಿ ಕೇಳಿಸಿತು. ಧ್ವನಿ ವ್ಯವಸ್ಥೆ ಅಷ್ಟು ಚೆನ್ನಾಗಿತ್ತು. ಮಾಡಿದ್ದು ಅವರೇ.

ನಿಮಗಾಗಿ ಹೆಂಡತಿಯ ತಮ್ಮನ ಜೊತೆ ಅನ್ನ ಬಿಟ್ಟ ಮನುಷ್ಯ ಅವರು. ಇಡೀ ಮೈದಾನದಲ್ಲಿ ಬಾಡಿಗೆ ತೆಗೆದುಕೊಳ್ಳದೆ ನಿಮ್ಮನ್ನು ನಂಬಿದ್ದವರು ಬಹುಶಃ ಅವರೊಬ್ಬರೇ. ಅಷ್ಟು ಜನರಲ್ಲಿ ಹುಡುಕಿ ಹುಡುಕಿ ಅವರನ್ನೇ ಆರಿಸಿದಿರಲ್ಲ, ನಿಮ್ಮ ಕಣ್ಣಿನ ಚುರುಕಿಗೆ ಏನೆನ್ನಲಿ?

ಅನುಕಂಪವೋ ಆವೇಶವೋ, ನೀವು ಗೆದ್ದಿರಿ. ಮೂರು ವಾರದಲ್ಲಿ "ಕ್ಷೇತ್ರದ ಹಿತದೃಷ್ಟಿಯಿಂದ" ನೇರಳೆಯಾದಿರಿ. ತಾಯಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಸುದ್ದಿ ಬಂದ ದಿನ ಅಂಗಡಿಯ ಮುಂದೆ ನಿಂತವರು ನನ್ನ ಬೆನ್ನು ತಟ್ಟಿದರು: "ಏನಪ್ಪಾ, ನಿಮ್ಮ ಗವಸು ಅವರಿಗಿಂತ ಮುಂಚೆನೇ ಪಕ್ಷ ಬದಲಾಯಿಸಿತ್ತಲ್ಲ!" ನಾನು ನಕ್ಕೆ. ನಗು ಬರುವಂಥದ್ದೇ ಮಾತು. ಒಳಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಭಾವ ಅಂಗಡಿಗೆ ಬರುವುದಿಲ್ಲ. ಬೀದಿಗಿಳಿದರೆ ಹುಡುಗರು "ದ್ರೋಹಿ ಬಂದ್ರು, ಬಣ್ಣ ನೋಡ್ಕೊಳ್ರೋ" ಎನ್ನುತ್ತಾರೆ. ನೀವು ಪಕ್ಷ ಬದಲಾಯಿಸಿದ್ದಕ್ಕೆ ನಿಮಗೆ ಹಾರ, ಅವರು ಬದಲಾಯಿಸದೇ ಇದ್ದದ್ದಕ್ಕೆ ಅವರಿಗೆ ಆ ಹೆಸರು. ಈ ವ್ಯವಹಾರದ ಕೂಡು ಕಳೆ ನನ್ನ ತಲೆಗೆ ಹತ್ತುತ್ತಿಲ್ಲ.

ನೀವೀಗ ನನ್ನ ಪಕ್ಷದವರು. ಲೆಕ್ಕಕ್ಕೆ ನಾನು ಸಿಹಿ ಹಂಚಬೇಕು. ಆದರೆ ಉಂಡ ಮನೆಯ ಜಂತಿ ಎಣಿಸಿ ನನ್ನ ಮನೆಗೆ ಬಂದವನನ್ನು ನಾನು ಅಪ್ಪಿಕೊಳ್ಳುವುದಿಲ್ಲ, ಪಾತ್ರೆ ಎಣಿಸಿ ಒಳಗಿಡುತ್ತೇನೆ. ಅವರವರ ಕಾಲ ಮೇಲೆ ಅವರವರು ನಿಲ್ಲಬೇಕು ಎಂದು ನಾನು ವಾದಿಸಿದ್ದು, ಗಾಳಿ ಬಂದ ಕಡೆ ತೂರಿಕೊಳ್ಳಲಿ ಎಂದಲ್ಲ.

ಕಳೆದ ವಾರ ನಿಮ್ಮ ಕಚೇರಿಯಿಂದ ಫೋನು. ಭಾನುವಾರ ಅದೇ ಮೈದಾನದಲ್ಲಿ ನಿಮಗೆ ಸನ್ಮಾನ. "ಕುರ್ಚಿ ಎಷ್ಟಿದ್ರೆ ಅಷ್ಟೂ ಬೇಕು. ಗವಸು ನೇರಳೆ. ಈ ಸಲ ಸರಿಯಾಗಿ ನೋಡಿ ಹಾಕಿ ಮಾರಾಯ್ರೆ." ನಾನು ಅಡುಗೆಮನೆಯಲ್ಲಿ ನಿಂತು, ಒಳಕೋಣೆಗೆ ಕೇಳುವ ಹಾಗೆ, ಅಕ್ಕನಿಗೆ ಹೇಳಿದೆ: "ಕೊಡಲ್ಲ ಅಂತ ಹೇಳಿಬಿಡ್ತೀನಿ."

ಅಕ್ಕ ಒಳಗೆ ಹೋಗಿ ಬಂದಳು. "ಕೊಡು ಅಂತಾರೆ. ಕುರ್ಚಿ ಏನು ಪಾಪ ಮಾಡಿದೆ ಅಂತಾರೆ."

"ಇಷ್ಟಾದ ಮೇಲೂ ಅವರ ಹಳದಿ ಬಿಟ್ಟಿಲ್ವಂತಾ?" ಎಂದೆ.

ಅದಕ್ಕೆ ಅಕ್ಕ ಒಳಗೆ ಹೋಗಬೇಕಾಗಿ ಬರಲಿಲ್ಲ. ಬಾಗಿಲ ಹಿಂದಿನಿಂದಲೇ ಭಾವನ ದನಿ ಬಂತು, ಗೋಡೆಗೆ ಹೇಳಿದ ಹಾಗೆ: "ಓಡಿಹೋದದ್ದು ಅವನು. ಮಾತು ಎಲ್ಲಿಗೋಯ್ತು? ಹಂಚ್ಕೊಂಡು ತಿನ್ನೋದು ಅವನು ಹೇಳೋಕೆ ಮುಂಚೆನೂ ಸರಿ ಇತ್ತು, ಅವನು ಬಿಟ್ಟ ಮೇಲೂ ಸರಿನೇ."

ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷದಿಂದ ಒಪ್ಪಿಲ್ಲ, ಇನ್ನಿಪ್ಪತ್ತು ವರ್ಷಕ್ಕಾಗುವಷ್ಟು ಉತ್ತರ ನಾಲಿಗೆಯ ತುದಿಯಲ್ಲಿದೆ. ಆದರೆ ಅದನ್ನು ಬಾಗಿಲಿಗೆ ಹೇಳಲಾರೆ. ಎದುರು ಕೂತ ಮನುಷ್ಯನಿಗೆ ಹೇಳಬೇಕು.

ಆದ್ದರಿಂದ ಬೇಡಿಕೆ. ರಾಜೀನಾಮೆ ಕೇಳುವುದಿಲ್ಲ, ಕಟ್ಟುಕಥೆ ನಂಬುವ ವಯಸ್ಸಲ್ಲ ನನ್ನದು. ಹಳೆಯ ಪಕ್ಷಕ್ಕೆ ಮರಳಿ ಎನ್ನುವುದೂ ಇಲ್ಲ, ಅವರೇನು ಪಾಪ ಮಾಡಿದ್ದಾರೆ? ಭಾನುವಾರ, ಅದೇ ಮೈದಾನದಲ್ಲಿ, ಅದೇ ಮೈಕಿನಲ್ಲಿ, ಹಾರ ಹಾಕಿಸಿಕೊಳ್ಳುವ ಮುಂಚೆ, ಒಂದು ವಾಕ್ಯ ಹೇಳಿ: ಅವತ್ತು ನಾನು ದ್ರೋಹಿ ಎಂದು ಬೆರಳು ತೋರಿಸಿದ ಮನುಷ್ಯ ದ್ರೋಹಿಯಲ್ಲ. ಇನ್ನುಳಿದ ಅರ್ಥ ಜನರೇ ಮಾಡಿಕೊಳ್ಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಿಮ್ಮ ಮಾತು ಮುತ್ತೇನಲ್ಲವಲ್ಲ, ಹಿಂದಕ್ಕೆ ತೆಗೆದುಕೊಂಡರೆ ನಷ್ಟವೇನು? ಕುರ್ಚಿಗಳು ಗಾಡಿಯಲ್ಲಿ ತುಂಬಿ ಮೈದಾನದ ಗೇಟಿನಲ್ಲೇ ನಿಂತಿರುತ್ತವೆ. ಆ ವಾಕ್ಯ ಬಂದರೆ ಇಳಿಯುತ್ತವೆ. ಬಾರದಿದ್ದರೆ ನಿಮ್ಮ ಜನ ನಿಂತುಕೊಂಡೇ ನಿಮ್ಮನ್ನು ಸನ್ಮಾನಿಸಲಿ. ಅವರವರ ಕಾಲ ಮೇಲೆ ಅವರವರು ನಿಲ್ಲುವುದು, ಹೇಗೂ, ಈಗ ನಿಮ್ಮದೂ ಸಿದ್ಧಾಂತವೇ.

ಕೊನೆಯದಾಗಿ, ಯಾರಿಗೆ ಏನು ದಕ್ಕಿತು ಎಂಬ ಲೆಕ್ಕ. ನಿಮಗೆ ಪದವಿ. ನೇರಳೆ ಪಕ್ಷಕ್ಕೆ ನೀವು. ಹಳದಿ ಪಕ್ಷಕ್ಕೆ ಮುಂದಿನ ಚುನಾವಣೆವರೆಗೂ ಅಳಲು ಒಂದು ವಿಷಯ. ಆಳುಗಳಿಗೆ ಒಂದು ದಿನದ ಕೂಲಿಗೆ ಎರಡು ಸಲದ ಕೆಲಸ. ಅಕ್ಕನಿಗೆ ಎರಡು ಒಲೆ. ಭಾವನಿಗೆ ಒಂದು ಪದ. ನನಗೆ, ನಾನು ಓಟು ಹಾಕಿದ ಪಕ್ಷದ ಅಧಿಕಾರ, ಮತ್ತು ಎದುರು ಕೂರುವವರಿಲ್ಲದ ಒಂದು ಉದ್ದನೆಯ ಮೇಜು.

ಇಂತಿ,
ನಿಮ್ಮನ್ನು ಕೂರಿಸಿದ ಕುರ್ಚಿಗಳ ಅರ್ಧ ಮಾಲೀಕ
(ಇನ್ನರ್ಧ ಇನ್ನೂ ಬಾಗಿಲು ತೆರೆದಿಲ್ಲ)