ಎರಡು ಸಲ ಆಲ್ಟ್

ಕೇಂಬ್ರಿಡ್ಜ್, ಮ್ಯಾಸಚೂಸೆಟ್ಸ್
ಜನವರಿ ೧೯, ೧೯೮೬

ನನ್ನ ಬಂಗಾರಿ ಥಿಯಾ,

ಓದದೆ ಹರಿದು ಹಾಕಬೇಡ. ನಿಮ್ಮಪ್ಪನ ಜೊತೆ ಲ್ಯಾಬಿನಲ್ಲಿ ಹೆಣಗಿದ ವರ್ನಾ ಬರೀತಿದ್ದೀನಿ, ಚಿಕ್ಕವಳಿದ್ದಾಗ ನಿನಗೆ ಜಡೆ ಹಾಕಿದವಳು. ಅವನ ಮಣ್ಣಿಗೂ ನೀನು ಬರಲಿಲ್ಲ. ಬಯ್ಯೋಕೆ ಬರೆದ ಕಾಗದವಲ್ಲ ಇದು.

ಆಸ್ಪತ್ರೆಯಲ್ಲಿ ನೀನು ಕೇಳಿದ್ದು ಒಂದೇ, ಅಮ್ಮನ ಮಣ್ಣಿನ ದಿನ ಎಲ್ಲಿದ್ದೆ ಅಂತ. ಲಕ್ವ ಹೊಡೆದು ಅವನ ಮಾತು ನಿಂತಿತ್ತು, ಅದಕ್ಕೇ ಆ ಹೊಸ ಕಂಪ್ಯೂಟರ್ ಮುಂದಿಟ್ಟಿದ್ದರು. ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿದ. ನೀನು ಮಂಚ ಸುತ್ತಿ ಬಂದು ನೋಡುವಷ್ಟರಲ್ಲಿ ಪರದೆ ಖಾಲಿ. ಬರೆದದ್ದನ್ನ ತಾನೇ ಅಳಿಸ್ತಾನೆ, ಆಗಲೂ ಮುಚ್ಚಿಟ್ಟ, ಈಗಲೂ ಮುಚ್ಚಿಡ್ತಾನೆ ಅಂತ ಕೂಗಾಡಿ ಹೊರಟುಹೋದೆ. ಡಾಕ್ಟರು ಮಿದುಳೇ ಕೆಟ್ಟಿದೆ ಅಂದ. ಅವನ ತಲೆ!

ಕೇಳು. ನಮ್ಮ ಲ್ಯಾಬಿನ ಹಳೇ ಕಂಪ್ಯೂಟರ್ ಯಂತ್ರದಲ್ಲಿ ಎಡಗಡೆ ಮೂಲೆಯ ಕೀಗೆ ಆಲ್ಟ್ ಅಂತಿದ್ದೆವು. ಏನೇ ಬರೆದರೂ ಅದನ್ನ ಎರಡು ಸಲ ಒತ್ತಬೇಕು. ಬರೆದದ್ದು ಮುಗೀತು, ಇನ್ನು ನಡೆಸು ಅಂತ. ಆಗಲೇ ಯಂತ್ರ ಕೆಲಸ ಮಾಡಿ ಸಾಲು ಅಳಿಸುತ್ತಿತ್ತು. ಹೊಸದರಲ್ಲಿ ಆಲ್ಟ್ ಅಂತ ಬರೆದಿರೋ ಕೀ ಕೆಳಗೆಲ್ಲೋ ಇದೆ, ಅದೊಂದನ್ನೇ ಒತ್ತಿದರೆ ಏನೂ ಆಗಲ್ಲ. ಮೂಲೆಯದ್ದು ಬರೆದದ್ದನ್ನೇ ಅಳಿಸಿಹಾಕುತ್ತೆ. ವರ್ಷಗಟ್ಟಲೆ ಪಳಗಿದ ಬೆರಳಿಗೆ ಇದನ್ನ ಯಾರು ಹೇಳಬೇಕು? ಅವನ ಪಾಲಿಗೆ ಉತ್ತರ ನಿನಗೆ ಮುಟ್ಟಿತ್ತು.

ನೀನು ಹೋದ ಮೇಲೆ ನಾನು ಪಕ್ಕದಲ್ಲೇ ಕೂತು ಅಕ್ಷರ ಮೂಡಿದ ಹಾಗೇ ಓದಿದೆ. ಥಿಯಾಗೆ ಎಲ್ಲ ಹೇಳಿದೆ, ಓದಿ ಎದ್ದು ಹೋದಳು ಅಂತ ಬರೆದ. ಟಕ್ ಟಕ್. ಖಾಲಿ. ಅವಳು ಓದೇ ಇಲ್ಲವಲ್ಲೋ ಪೆದ್ದ ಅಂದೆ. ಮಗುವಿನ ಹಾಗೆ ಅತ್ತ. ಆ ಹಾಳು ಕೀ ಕಿತ್ತು ಬಿಸಾಕಿದೆ. ನಿನಗೆ ಬರೆದ ಉತ್ತರವನ್ನೇ ಮತ್ತೆ ಬರೆದ, ಬೆರಳು ಕೀ ಇಲ್ಲದ ಜಾಗವನ್ನ ಎರಡು ಸಲ ಮುಟ್ಟಿತು. ಓಡಿಹೋಗಿ ನಿನಗೆ ಫೋನ್ ಮಾಡಿದೆ. ನನ್ನ ದನಿ ಕೇಳಿದ್ದೇ ಇಟ್ಟುಬಿಟ್ಟೆ. ಮಾರನೇ ಬೆಳಗ್ಗೆ ಅವನು ಹೋದ.

ಇನ್ನು ಯಾರ ಮೇಲೆ ಸಿಟ್ಟು ಮಾಡ್ತೀಯ ತಾಯಿ, ಮನೆಗೆ ಬಾ.

ನಿನ್ನ
ವರ್ನಾ

ತಾ.ಕ.: ಅವನು ಬರೆದದ್ದನ್ನ ಹಾಗೇ ಇಳಿಸಿದ್ದೀನಿ: ‘ಚರ್ಚಿನ ಎದುರು ಕಾರಿನಲ್ಲೇ ಇದ್ದೆ. ಅಮ್ಮನ ಪೆಟ್ಟಿಗೆಯ ಹಿಂದೆ ನನ್ನ ಹಳೇ ಕೋಟು ಹಾಕಿಕೊಂಡು ನೀನು ನಡೆದು ಬಂದೆ. ಆಮೇಲೆ ಇಳಿಯೋಕೆ ನನಗೆ ಕಾಲೇ ಬರಲಿಲ್ಲ.’